ವೋಕ್, ವೇಕ್ಡ್, ಅವೋಕ್: ಇಷ್ಟೊಂದು ರೂಪ ಬಂದಿದ್ದು ಎಲ್ಲಿಂದ?

ಕನ್ನಡದಲ್ಲಿ ನಾವು ‘ಎದ್ದೆ’ ಅಂದರೆ ಮಾತು ಮುಗಿಯಿತು. ಬೇರೆಯವರನ್ನಾದರೆ ‘ಎಬ್ಬಿಸಿದೆ’. ಇಂಗ್ಲಿಷಿನಲ್ಲಿ ಇಷ್ಟಕ್ಕೇ ವೇಕ್, ಅವೇಕ್, ವೇಕನ್, ಅವೇಕನ್ ಅಂತ ನಾಲ್ಕು ಕ್ರಿಯಾಪದಗಳಿವೆ. ಭೂತಕಾಲಕ್ಕೆ ಹೋದರೆ ವೋಕ್, ವೇಕ್ಡ್, ಅವೋಕ್, ಅವೇಕ್ಡ್, ವೇಕನ್ಡ್, ಅವೇಕನ್ಡ್! ಪರೀಕ್ಷೆಯಲ್ಲಿ ಮಕ್ಕಳು ತಡವರಿಸುವುದು ಸುಮ್ನೆ ಅಲ್ಲ.

ಈ ಗೊಂದಲಕ್ಕೆ ಸಾವಿರ ವರ್ಷ ದಾಟಿದೆ. ಹಳೆ ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಕ್ರಿಯಾಪದಗಳೇ ಆಗಿದ್ದವು. ಒಂದಕ್ಕೆ ಎಚ್ಚರವಾಗು, ಹುಟ್ಟು ಎಂಬ ಅರ್ಥ. ಅದರ ಭೂತಕಾಲ ‘ವೋಕ್’. ಸಿಂಗ್ ಹೋಗಿ ಸ್ಯಾಂಗ್ ಆಗುತ್ತದಲ್ಲ, ಹಾಗೆ ಒಳಗಿನ ಸ್ವರವೇ ಬದಲಾಗುತ್ತಿತ್ತು. ಇನ್ನೊಂದು ‘ವಕಿಯನ್’. ಅಂದರೆ ಎದ್ದಿರು, ಕಾವಲು ಕಾಯು. ಅದಕ್ಕೆ ಕೊನೆಯಲ್ಲಿ ಪ್ರತ್ಯಯ ಸೇರಿ ‘ವಕೋದೆ’ ಆಗುತ್ತಿತ್ತು. ಎಬ್ಬಿಸುವುದಕ್ಕೆ ‘ವೆಚ್ಚನ್’ ಅಂತ ಮೂರನೆಯದೂ ಇತ್ತು, ನಮ್ಮ ‘-ಇಸು’ ಮಾಡುವ ಕೆಲಸಕ್ಕೆ.

ಮುಂದಿನ ಶತಮಾನಗಳಲ್ಲಿ ಪದಗಳ ಕೊನೆ ಸವೆದುಹೋಯಿತು. ಮೊದಲ ಎರಡೂ ಬೆರೆತು ‘ವೇಕ್’ ಆದವು. ಆದರೆ ಎರಡು ಭೂತಕಾಲಗಳೂ ಹಾಗೇ ಉಳಿದವು. ಮೂರನೆಯದು ಮರೆಯಾಯಿತು. ಏಳುವುದಕ್ಕೂ ಎಬ್ಬಿಸುವುದಕ್ಕೂ ಒಂದೇ ಪದ ಅಂತಾಯಿತು. ಕಾವಲಿನ ಹಳೆ ಅರ್ಥ ಈಗಲೂ ಐರ್ಲೆಂಡಿನಲ್ಲಿ ಸಿಗುತ್ತದೆ. ಅಲ್ಲಿ ಹೆಣದ ಪಕ್ಕ ರಾತ್ರಿಯಿಡೀ ಎದ್ದು ಕೂರುವುದೇ ‘ವೇಕ್’. ವೇಕನ್, ಅವೇಕನ್ ಪಾಪದವು. ಅವು ‘-ಎಡ್’ ಅಂಟಿಸಿಕೊಂಡು ಸುಮ್ಮನಿವೆ.

ಹಿಂದೆ ‘ವೇಕ್ಡ್’ ಜೋರಾಗಿಯೇ ಓಡಾಡುತ್ತಿತ್ತು. ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದಲ್ಲಿ ಕ್ಯಾಲಿಬನ್ ಎಂಬ ಪಾತ್ರ ತನ್ನ ಕನಸಿನ ಬಗ್ಗೆ ಹೇಳುವಾಗ ‘ವೇಕ್ಡ್’ ಅನ್ನುತ್ತದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಯಾಕೋಬ ನಿದ್ದೆಯಿಂದ ‘ಅವೇಕ್ಡ್’. ಇವತ್ತು ಹಾಗೆ ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ, ಅಲ್ವಾ? ‘ಹ್ಯಾಡ್’ ಜೊತೆ ಬರುವ ‘ವೋಕನ್’ ಅಂತೂ ತಡವಾಗಿ ಬಂದದ್ದು. ಸ್ಪೀಕ್, ಸ್ಪೋಕ್, ಸ್ಪೋಕನ್ ನೋಡಿ ಜನ ಕಟ್ಟಿಕೊಂಡ ರೂಪ ಅದು. ವ್ಯಾಕರಣದವರು ಕೂತು ತೀರ್ಮಾನಿಸಿದ್ದಲ್ಲ.

1926ರಲ್ಲಿ ಇಂಗ್ಲೆಂಡಿನ ನಿಘಂಟುಕಾರ ಎಚ್. ಡಬ್ಲ್ಯು. ಫೌಲರ್ ತಮ್ಮ ಇಂಗ್ಲಿಷ್ ಪದಬಳಕೆಯ ಕೋಶದಲ್ಲಿ ಈ ನಾಲ್ಕನ್ನೂ ಬಿಡಿಸಿಡಲು ನೋಡಿದರು. ದಿನಬಳಕೆಗೆ ವೇಕ್ ಸಾಕು ಎಂಬುದು ಅವರ ಅಭಿಪ್ರಾಯ. ನನಗೂ ಅದೇ ಸರಿ ಅನಿಸುತ್ತದೆ. ನಿದ್ದೆಯಿಂದ ಎದ್ದಿದ್ದಕ್ಕೆ ‘ವೋಕ್ ಅಪ್’, ‘ಹ್ಯಾಡ್’ ಬಂದರೆ ‘ವೋಕನ್ ಅಪ್’. ‘ಅಪ್’ ಸೇರುವುದು ವೇಕ್‌ಗೆ ಮಾತ್ರ. ‘ಅವೋಕ್ ಅಪ್’ ಅಂತ ಇಲ್ಲ. ಆಸೆಯೋ ಅನುಮಾನವೋ ಮೂಡಿತು ಅನ್ನಬೇಕಾದರೆ ‘ಅವೇಕನ್ಡ್’ ಇದೆ.

ಇಷ್ಟರಲ್ಲಿ ‘ವೋಕ್’ ಇನ್ನೊಂದು ದಾರಿ ಹಿಡಿದಿತ್ತು. ಅಮೆರಿಕದ ಕಪ್ಪು ಜನರ ಮಾತಿನಲ್ಲಿ ಅದು ಗುಣವಾಚಕ: ಅನ್ಯಾಯದ ಬಗ್ಗೆ ಎಚ್ಚರ ಇರುವವನು. 1962ರಲ್ಲಿ ಲೇಖಕ ವಿಲಿಯಂ ಮೆಲ್ವಿನ್ ಕೆಲ್ಲಿ ಇದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಲೇಖನದ ಶೀರ್ಷಿಕೆಯಲ್ಲೇ ತಂದರು. 2017ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಅರ್ಥವನ್ನು ಸೇರಿಸಿಕೊಂಡಿತು. ಆಮೇಲೆ ರಾಜಕೀಯದವರು ಅದನ್ನು ಬೈಗುಳವಾಗಿ ಬಳಸಲೂ ಶುರು ಮಾಡಿದರು.