ಮಂಗಳೂರಿನ ಹುಲ್ಲಿಗೆ ಎಸ್‌ಲಿಂಗನ್ನಿನ ಚೀಟಿ

ಯುರೋಪಿನ ಹರ್ಬೇರಿಯಂಗಳು, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಗಳು, ತಮ್ಮ ಒಣಗಿಡಗಳ ಹಾಳೆಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿವೆ. ಅಲ್ಲಿ ನಮ್ಮ ಕರಾವಳಿಯ ಹಳೇ ಗಿಡಗಳನ್ನು ಹುಡುಕುತ್ತಾ ಹೋದರೆ ಒಂದು ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹೋಹೆನಾಕರ್. ಹಾಳೆಯ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಹುಲ್ಲು, ಕೆಳಗೆ ಅಚ್ಚಿನ ಸಣ್ಣ ಚೀಟಿ. ಚೀಟಿಯಲ್ಲಿ ಲ್ಯಾಟಿನ್‌ನಲ್ಲಿ ‘ಪೂರ್ವ ಇಂಡಿಯಾದ ಗಿಡಗಳು, ಟೆರ್ರಾ ಕನಾರಾ’ ಅಂತಿರುತ್ತದೆ. ಅದರ ಜೊತೆಗೆ ‘ಎಡ್. ಆರ್. ಎಫ್. ಹೋಹೆನಾಕರ್, 1849’.

ಇದನ್ನು ನೋಡಿದ ಯಾರಿಗೇ ಆದರೂ ಈ ಮನುಷ್ಯ ಮಂಗಳೂರಿನ ಗುಡ್ಡ ಹತ್ತಿ ಹುಲ್ಲು ಕಿತ್ತಿರಬೇಕು ಅನಿಸುತ್ತದೆ. ಆದರೆ ಈತ ಕಿತ್ತದ್ದಲ್ಲ, ಮಾರಿದ್ದು.

ರುಡಾಲ್ಫ್ ಫ್ರೀಡ್ರಿಕ್ ಹೋಹೆನಾಕರ್ 1798ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದವನು. ವೈದ್ಯ, ಜೊತೆಗೆ ಮಿಷನರಿ. ಕಾಕಸಸ್ ಸೀಮೆಯಲ್ಲಿ, ಈಗಿನ ಅಜರ್‌ಬೈಜಾನ್‌ನಲ್ಲಿ, ಹೆಲೆನೆನ್‌ಡಾರ್ಫ್ ಅಂತ ಜರ್ಮನ್ ವಲಸಿಗರ ಒಂದು ಊರಿತ್ತು. ಅಲ್ಲಿ ಹಲವು ವರ್ಷ ಇದ್ದ. ಅಲ್ಲೇ ಗಿಡಗಳ ಹುಚ್ಚು ಹತ್ತಿತು. ಒಣಗಿಸಿದ ಗಿಡಗಳನ್ನು ಕಟ್ಟು ಕಟ್ಟಿ ದಕ್ಷಿಣ ಜರ್ಮನಿಯ ಎಸ್‌ಲಿಂಗನ್ ಎಂಬ ಊರಿಗೆ ಕಳಿಸುತ್ತಿದ್ದ.

ಯಾಕೆ ಎಸ್‌ಲಿಂಗನ್? ಅಲ್ಲಿ ಇಬ್ಬರು ಸೇರಿ ಒಂದು ಚೀಟಿ ಫಂಡ್‌ನಂಥದ್ದನ್ನು ನಡೆಸುತ್ತಿದ್ದರು. ಒಬ್ಬ ಸ್ಟೊಯ್ಡೆಲ್ ಎಂಬ ವೈದ್ಯ, ಇನ್ನೊಬ್ಬ ಹೋಖ್‌ಸ್ಟೆಟರ್ ಎಂಬ ಪಾದ್ರಿ. ಸಂಘದ ಹೆಸರು ಊನಿಯೋ ಇಟಿನೆರಾರಿಯಾ, ಅಂದರೆ ಪ್ರವಾಸ ಸಂಘ. 1820ರ ದಶಕದಲ್ಲಿ ಶುರುವಾಯಿತು. ಗಿಡದ ಆಸಕ್ತಿ ಇದ್ದವರು ಮುಂಗಡ ದುಡ್ಡು ಹಾಕಬೇಕು, ಆ ದುಡ್ಡಲ್ಲಿ ಯಾರನ್ನಾದರೂ ದೂರದ ದೇಶಕ್ಕೆ ಕಳಿಸುತ್ತಾರೆ, ಅವನು ಒಣಗಿಸಿ ಕಳಿಸಿದ ಗಿಡಗಳಲ್ಲಿ ದುಡ್ಡು ಹಾಕಿದವರಿಗೆಲ್ಲ ಪಾಲು. ಹೀಗೆ ಹೋದವರಲ್ಲಿ ಷಿಂಪರ್ ಎಂಬಾತ ಅಬಿಸೀನಿಯಾಕ್ಕೆ, ಈಗಿನ ಇಥಿಯೋಪಿಯಾಕ್ಕೆ, ಹೋದವನು ಅಲ್ಲೇ ನೆಲೆನಿಂತು 1878ರಲ್ಲಿ ಅಲ್ಲೇ ತೀರಿಕೊಂಡ.

1840ರ ದಶಕದ ಹೊತ್ತಿಗೆ ಆ ಸಂಘ ನಿಂತುಹೋಯಿತು. ಕಾಕಸಸ್‌ನಿಂದ ವಾಪಸಾದ ಹೋಹೆನಾಕರ್ ಎಸ್‌ಲಿಂಗನ್‌ನಲ್ಲೇ ಮನೆ ಮಾಡಿ ಅದೇ ವ್ಯವಹಾರವನ್ನು ಒಬ್ಬನೇ ಕೈಗೆತ್ತಿಕೊಂಡ. ಆಮೇಲೆ ತಾನಾಗಿ ದೂರ ಪ್ರಯಾಣ ಮಾಡಲಿಲ್ಲ. ಕಾಗದ ಬರೆದ. ಪರ್ಷಿಯಾದಲ್ಲಿ ಕೋಟ್ಶಿ, ಸುರಿನಾಮ್‌ನಲ್ಲಿ ಕಾಪ್ಲರ್, ಚಿಲಿ ಮತ್ತು ಪೆರುವಿನಲ್ಲಿ ಲೆಖ್ಲರ್, ಹೀಗೆ ಎಲ್ಲೆಲ್ಲೋ ಇದ್ದವರು ಕಿತ್ತ ಗಿಡಗಳೆಲ್ಲ ಈತನ ಮೇಜಿಗೆ ಬರುತ್ತಿದ್ದವು.

ಮಂಗಳೂರಿನ ನಂಟು ಬೆಸೆದದ್ದು ಬಾಸೆಲ್ ಮಿಷನ್. 1834ರಲ್ಲಿ ಇಲ್ಲಿಗೆ ಬಂದು, 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿ, ಮುಂದೆ ಕಿಟ್ಟೆಲ್ ಅವರ ನಿಘಂಟನ್ನೂ ಕೊಟ್ಟ ಮಿಷನ್ ಅದೇ. ಅದರ ಮಿಷನರಿಗಳಲ್ಲಿ ಒಬ್ಬ ಮೆಟ್ಜ್. ಕೆನರಾದಿಂದಲೂ ಆಮೇಲೆ ನೀಲಗಿರಿಯಿಂದಲೂ ಗಿಡಗಳನ್ನು ಕಳಿಸಿದವನು ಅವನು. ನೀಲಗಿರಿಯ ಬಡಗ, ತೋಡ ಜನರ ನಡುವೆ ವರ್ಷಗಟ್ಟಲೆ ಇದ್ದು ಅವರ ಬಗ್ಗೆ ಪುಸ್ತಕವನ್ನೂ ಬರೆದ.

ಗಿಡ ಕಳಿಸೋದು ಈಗಿನ ಕೊರಿಯರ್ ಥರ ಅಲ್ಲ. ಕಾಗದದ ಮಡಿಕೆಗಳ ನಡುವೆ ಗಿಡ ಹರಡಿ, ಮೇಲೆ ಭಾರ ಹೇರಿ, ಒದ್ದೆಯಾದ ಕಾಗದವನ್ನು ದಿನಾ ಬದಲಿಸಬೇಕು. ಒಂದೆರಡು ದಿನ ಮರೆತರೆ ಎಲೆ ಕಪ್ಪಾಗುತ್ತದೆ. ಮಂಗಳೂರಿನ ಆಟಿ ತಿಂಗಳಲ್ಲಿ ಉಟ್ಟ ಬಟ್ಟೆಯೇ ಒಣಗಲ್ಲ, ಇನ್ನು ಗಿಡದ ಮಾತೆಲ್ಲಿ! ಆದರೆ ಎಷ್ಟೋ ಹುಲ್ಲು ತೆನೆ ಹಾಕೋದೇ ಮಳೆಯ ಬೆನ್ನಿಗೆ. ಅಷ್ಟು ಮಾಡಿ ಪೆಟ್ಟಿಗೆ ಕಟ್ಟಿದರೂ ಹಡಗಿನಲ್ಲಿ ತಿಂಗಳುಗಟ್ಟಲೆ ದಾರಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ನೆನಪಿರಲಿ.

ಪೆಟ್ಟಿಗೆ ಎಸ್‌ಲಿಂಗನ್ ತಲುಪಿದ ಮೇಲೆ ನಿಜವಾದ ವ್ಯಾಪಾರ. ಒಂದೇ ಗಿಡದ ಹತ್ತಾರು ಪ್ರತಿಗಳನ್ನು ಬೇರೆ ಬೇರೆ ಮಾಡಿ, ಎಲ್ಲಕ್ಕೂ ಒಂದೇ ನಂಬರ್ ಕೊಟ್ಟು, ಚೀಟಿ ಅಚ್ಚು ಹಾಕಿಸಿ, ನೂರು ನೂರು ಗಿಡಗಳ ಲೆಕ್ಕದಲ್ಲಿ ಬೆಲೆ ಕಟ್ಟಿ, ಸಸ್ಯಶಾಸ್ತ್ರದ ಪತ್ರಿಕೆಗಳಲ್ಲಿ ಜಾಹೀರಾತು. ಹೆಸರಿಲ್ಲದ ಗಿಡ ಯಾರು ಕೊಳ್ಳುತ್ತಾರೆ? ಅದಕ್ಕೆ ಮೊದಲೇ ಕಟ್ಟುಗಳು ತಜ್ಞರ ಕೈಗೆ ಹೋಗುತ್ತಿದ್ದವು. ತಜ್ಞರಿಗೆ ಹೊಸ ಗಿಡಕ್ಕೆ ಹೆಸರಿಡುವ ಅವಕಾಶ, ಹೋಹೆನಾಕರನಿಗೆ ಚೀಟಿಯ ಮೇಲೆ ಹಾಕಲು ಒಂದು ಹೆಸರು.

ಇದರ ಗುರುತು ಇವತ್ತಿಗೂ ನಮ್ಮ ಹುಲ್ಲುಗಳ ಮೇಲಿದೆ. ಪಶ್ಚಿಮ ಘಟ್ಟದ ಒಂದು ಹುಲ್ಲು ಅರುಂಡಿನೆಲ್ಲಾ ಮೆಟ್ಜಿಯೈ, ಇನ್ನೊಂದು ಡೈಮೇರಿಯಾ ಹೋಹೆನಾಕೆರಿ. ಒಂದರಲ್ಲಿ ಕಳಿಸಿದವನು, ಇನ್ನೊಂದರಲ್ಲಿ ಮಾರಿದವನು. ಎರಡೂ ಹೆಸರಿನ ಬಾಲಕ್ಕೂ ‘ಹೋಖ್‌ಸ್ಟ್. ಎಕ್ಸ್ ಮಿಕ್.’ ಅಂತಿದೆ. ಅಂದರೆ ಹೆಸರು ಸೂಚಿಸಿದವನು ಅದೇ ಪ್ರವಾಸ ಸಂಘದ ಹೋಖ್‌ಸ್ಟೆಟರ್, ವಿವರ ಬರೆದು ಅಚ್ಚು ಮಾಡಿದವನು ಹಾಲೆಂಡಿನ ಮಿಕ್ವೆಲ್. ಒಂದು ಎಳೆ ಹುಲ್ಲಿನ ಹಿಂದೆ ಇಷ್ಟೊಂದು ಜನ. ಕತ್ತಿ ಹಿಡಿದು ಗುಡ್ಡಕ್ಕೆ ದಾರಿ ತೋರಿಸಿದ ಊರಿನವರು ಯಾರೋ ಇದ್ದೇ ಇರುತ್ತಾರಲ್ವಾ, ಅವರಿಗೆ ಮಾತ್ರ ಚೀಟಿಯಲ್ಲಿ ಜಾಗ ಇಲ್ಲ.

ಗೊಂದಲ ಹುಟ್ಟಿದ್ದು ಆ ‘ಎಡ್.’ನಿಂದ. ಲ್ಯಾಟಿನ್‌ನಲ್ಲಿ ಅದು ಎಡಿಡಿಟ್, ಅಂದರೆ ಹೊರತಂದವನು. ಹೋಹೆನಾಕರ್ ಸುಳ್ಳು ಹೇಳಿಲ್ಲ. ಆದರೆ ಕೋಟ್ಶಿಯ ಪರ್ಷಿಯಾ ಗಿಡಗಳ ಚೀಟಿಯಲ್ಲಿ ಕೋಟ್ಶಿಯ ಹೆಸರೇ ಮೊದಲು ಬರುತ್ತದೆ, ಕೆನರಾ ಚೀಟಿಯ ತಲೆಬರಹದಲ್ಲಿ ಕಿತ್ತವರ ಸುದ್ದಿಯೇ ಇಲ್ಲ. ಹಾಗಾಗಿ ಪುಸ್ತಕಗಳಲ್ಲೂ ಪಟ್ಟಿಗಳಲ್ಲೂ ‘ಸಂಗ್ರಹಿಸಿದವರು: ಹೋಹೆನಾಕರ್’ ಅಂತ ಸೇರಿಕೊಂಡಿತು. ನನಗೆ ಇದು ಬರೀ ಹೆಸರಿನ ಜಗಳ ಅನಿಸುವುದಿಲ್ಲ. ಚೀಟಿಯ ನಂಬರ್ ಕೊಟ್ಟಿದ್ದು ಕಿತ್ತ ಜಾಗದಲ್ಲಲ್ಲ, ಮಾರುವ ಮೇಜಿನ ಮೇಲೆ. ಬೇರೆ ಬೇರೆ ದಿನ, ಬೇರೆ ಬೇರೆ ಗುಡ್ಡದಲ್ಲಿ ಕಿತ್ತ ಗಿಡಗಳು ಒಂದೇ ನಂಬರ್ ಅಡಿ ಬಂದಿರಬಹುದು. ‘ಟೆರ್ರಾ ಕನಾರಾ’ ಅನ್ನೋದೂ ಸಣ್ಣ ಜಾಗ ಅಲ್ಲ. ಆಗ ಕೆನರಾ ಜಿಲ್ಲೆ ಉತ್ತರ, ದಕ್ಷಿಣ ಅಂತ ಭಾಗವಾಗಿರಲಿಲ್ಲ, ಕಾಸರಗೋಡಿನಿಂದ ಕಾರವಾರದವರೆಗೂ ಒಂದೇ.

ಅದಕ್ಕೇ ಈಗ ಈ ಹುಲ್ಲುಗಳ ವರ್ಗೀಕರಣವನ್ನು ಪರಿಷ್ಕರಿಸುವವರು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಒಂದು ಹಾಳೆ ನೋಡಿ ಸುಮ್ಮನಾಗುವ ಹಾಗಿಲ್ಲ. ಅದೇ ನಂಬರಿನ ಹಾಳೆ ಪ್ಯಾರಿಸ್‌ನಲ್ಲಿ ಇದೆಯಾ, ಲೈಡನ್‌ನಲ್ಲಿ ಇದೆಯಾ, ಎರಡೂ ಒಂದೇ ಗಿಡವಾ ಅಂತ ಪಕ್ಕಪಕ್ಕ ಇಟ್ಟು ನೋಡಬೇಕು. ನೀವೇ ಹುಡುಕೋದಾದರೆ ಮೆಟ್ಜ್ ಅಂತ ಮಾತ್ರ ಟೈಪ್ ಮಾಡಬೇಡಿ, ಅರ್ಧ ಗಿಡಗಳು ತಪ್ಪಿಹೋದಾವು. ಹೋಹೆನಾಕರ್ ಅಂತಲೂ ಹಾಕಿ ನೋಡಿ.