ಫ್ಲಾಟ್ ಸ್ಲ್ಯಾಬ್: ಬೀಮ್ ಎಲ್ಲಿ ಹೋಯ್ತು?

ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿದಾಗ ಒಮ್ಮೆ ತಲೆ ಎತ್ತಿ ನೋಡಿ. ಕಂಬದಿಂದ ಕಂಬಕ್ಕೆ ಬೀಮ್ ಕಾಣುತ್ತಿಲ್ಲ, ಸ್ಲ್ಯಾಬ್ ನೇರವಾಗಿ ಕಂಬಗಳ ಮೇಲೇ ಕೂತಿದೆ. ಇದೇ ಫ್ಲಾಟ್ ಸ್ಲ್ಯಾಬ್.

ಹೆಸರಲ್ಲಿ ಫ್ಲಾಟ್ ಅಂತಿದ್ದರೂ ಅಡಿಭಾಗ ಪೂರ್ತಿ ಸಪಾಟಾಗಿ ಇರಲೇಬೇಕು ಅಂತೇನಿಲ್ಲ. ಕಂಬದ ಸುತ್ತ ಸ್ಲ್ಯಾಬನ್ನು ಚೌಕವಾಗಿ ದಪ್ಪ ಮಾಡಿದ್ದರೆ ಅದು ಡ್ರಾಪ್. ಕಂಬದ ತಲೆಯೇ ಆಲಿಕೆಯಂತೆ ಅಗಲವಾಗಿದ್ದರೆ ಕಾಲಂ ಹೆಡ್. 1906ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಎಂಜಿನಿಯರ್ ಸಿ.ಎ.ಪಿ. ಟರ್ನರ್ ಇಂಥದ್ದನ್ನು ಕಟ್ಟಿ 'ಮಶ್ರೂಮ್' ಅಂತ ಕರೆದರು. ನೋಡಲು ಅಣಬೆಯೇ, ಅಲ್ವಾ? ಡ್ರಾಪ್, ಹೆಡ್ ಎರಡೂ ಇಲ್ಲದಿದ್ದರೆ ಫ್ಲಾಟ್ ಪ್ಲೇಟ್ ಅನ್ನುತ್ತಾರೆ.

ಲಾಭ ಏನು ಅಂದರೆ, ಸೆಂಟ್ರಿಂಗ್ ಸಲೀಸು, ಮಹಡಿಯ ಎತ್ತರ ಉಳಿಯುತ್ತದೆ, ಡಕ್ಟ್ ಪೈಪುಗಳಿಗೆ ಬೀಮ್ ಅಡ್ಡ ಬರುವುದಿಲ್ಲ. ಆದರೆ ಬೀಮ್ ಹೋಯಿತೇ ಹೊರತು ಅದರ ಕೆಲಸ ಹೋಗಲಿಲ್ಲ. ಕಂಬಗಳ ಸಾಲಿನ ಉದ್ದಕ್ಕೂ ಇರುವ ಸ್ಲ್ಯಾಬಿನ ಪಟ್ಟಿಗೇ ಆ ಕೆಲಸ ಬೀಳುತ್ತದೆ. ಅದಕ್ಕೇ 'ಕಾಲಂ ಸ್ಟ್ರಿಪ್' ಅನ್ನುವ ಈ ಪಟ್ಟಿಗೆ ಕಂಬಿ ಜಾಸ್ತಿ. ಭೂಕಂಪದ ತಳ್ಳಾಟ ತಡೆಯಲು ಶಿಯರ್ ವಾಲ್‌ಗಳ, ಅಂದರೆ ಗಟ್ಟಿ ಕಾಂಕ್ರೀಟ್ ಗೋಡೆಗಳ, ಆಸರೆಯೂ ಸಾಮಾನ್ಯವಾಗಿ ಬೇಕು.

ನಿಜವಾದ ತಲೆನೋವು ಕಂಬದ ತಲೆಯ ಸುತ್ತ. ಕಂಬಗಳು ಎರಡೂ ದಿಕ್ಕಿನಲ್ಲಿ 6 ಮೀಟರ್‌ಗೊಂದು ಇವೆ ಅಂದುಕೊಳ್ಳಿ. ಹಾಗಾದರೆ ಒಳಗಿನ ಒಂದೊಂದು ಕಂಬಕ್ಕೂ ಸುಮಾರು 36 ಚದರ ಮೀಟರ್ ನೆಲದ ಭಾರ. ಕಂಬ 400 ಮಿ.ಮೀ. ಚೌಕ, ಸ್ಲ್ಯಾಬಿನ ಪರಿಣಾಮಕಾರಿ ಆಳ (ಅಡಿಯಿಂದ ಮೇಲಿನ ಕಂಬಿಯವರೆಗಿನ ದಪ್ಪ) 200 ಮಿ.ಮೀ. ಇದ್ದರೆ, ಅಷ್ಟೂ ಭಾರ ಕಂಬಕ್ಕೆ ಇಳಿಯಬೇಕಾದದ್ದು ಬರೀ 2.4 ಮೀಟರ್ ಸುತ್ತಳತೆಯ ಮೂಲಕ. ಕಾಂಕ್ರೀಟಿಗಿರುವ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಈ ಸುತ್ತಳತೆಯನ್ನು ಕಂಬದ ಮುಖದಿಂದ ಅರ್ಧ ಆಳದಷ್ಟು ದೂರದಲ್ಲಿ ಲೆಕ್ಕ ಹಾಕುತ್ತಾರೆ. ಅದು ಸಾಲದೇ ಹೋದರೆ ಕಂಬ ಸ್ಲ್ಯಾಬನ್ನು ತೂತು ಮಾಡಿಕೊಂಡು ಮೇಲೆ ಬರುತ್ತದೆ. ಇದು ಪಂಚಿಂಗ್ ಶಿಯರ್. ಬೀಮಿನಂತೆ ನಿಧಾನವಾಗಿ ಬಾಗಿ ಎಚ್ಚರಿಸುವ ಸ್ವಭಾವ ಇದಕ್ಕಿಲ್ಲ. ಬಿರುಕು ಬಿಟ್ಟರೂ ಮೊದಲು ಮೇಲ್ಭಾಗದಲ್ಲಿ, ಟೈಲ್ಸ್ ಕೆಳಗೆ. 1995ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕುಸಿದು 502 ಜನರನ್ನು ಬಲಿ ತೆಗೆದುಕೊಂಡ ಸಾಂಪೂಂಗ್ ಮಳಿಗೆಯದ್ದೂ ಫ್ಲಾಟ್ ಸ್ಲ್ಯಾಬ್. ಅಲ್ಲಿ 80 ಸೆಂ.ಮೀ. ಇರಬೇಕಿದ್ದ ಕಂಬಗಳು 60 ಸೆಂ.ಮೀ. ಆಗಿದ್ದವು, ಮೇಲೆ ಹೊಸ ಭಾರ ಬೇರೆ ಬಿತ್ತು.

ಹಾಗಾಗಿ ಪೈಪಿಗೆಂದು ಕಂಬಕ್ಕೆ ಅಂಟಿಕೊಂಡೇ ತೂತು ಕೊರೆಯುವುದು ಸಣ್ಣ ತಪ್ಪಲ್ಲ. ಆ 2.4 ಮೀಟರ್‌ನಲ್ಲೇ ಒಂದು ತುಂಡು ಹೋಯಿತು ಅಂತ ಲೆಕ್ಕ. ತೂತು ಬೇಕೇ ಬೇಕಾದರೆ ನಾಲ್ಕು ಕಂಬಗಳ ನಟ್ಟನಡುವೆ ಇರಲಿ, ಅದೂ ಎಂಜಿನಿಯರ್ ಹೂಂ ಅಂದ ಮೇಲೆ.