ಐದನೆಯವನು ಸೇರಿದರೆ ದರೋಡೆ

ಬೈಕಿನಲ್ಲಿ ಬಂದ ಇಬ್ಬರು ಚಾಕು ತೋರಿಸಿ ಹಣ ಕಿತ್ತುಕೊಂಡು ಹೋದರೆ ಮರುದಿನ ಊರೆಲ್ಲ 'ದರೋಡೆ ಆಯ್ತಂತೆ' ಅನ್ನುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ದರೋಡೆ ಅಲ್ಲ, ಸುಲಿಗೆ. ದರೋಡೆ ಆಗಬೇಕಾದರೆ ಕನಿಷ್ಠ ಐದು ಜನ ಇರಬೇಕು. 1860ರ ದಂಡ ಸಂಹಿತೆ ಹಾಗೆ ಹೇಳಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ.

ಇದು ಬರೀ ಹೆಸರಿನ ಜಗಳ ಅಲ್ಲ. ಕೇಳದೆ ಇನ್ನೊಬ್ಬರ ವಸ್ತು ಎತ್ತಿಕೊಂಡರೆ ಕಳವು: ಮೊದಲ ಸಲವಾದರೆ ಹೆಚ್ಚೆಂದರೆ 3 ವರ್ಷ ಸಜೆ. ಅದೇ ವಸ್ತುವನ್ನು ಮನೆಯೊಳಗಿಂದ ಕದ್ದರೆ 7 ವರ್ಷದವರೆಗೆ. ಹೊಡೆದೋ, ಹೆದರಿಸಿಯೋ ಕಿತ್ತುಕೊಂಡರೆ ಸುಲಿಗೆ, 10 ವರ್ಷದವರೆಗೆ. ಆ ಸುಲಿಗೆ ಹೆದ್ದಾರಿಯಲ್ಲಿ, ಸೂರ್ಯ ಮುಳುಗಿ ಮತ್ತೆ ಹುಟ್ಟುವುದರೊಳಗೆ ನಡೆದಿದ್ದರೆ 14 ವರ್ಷದವರೆಗೆ! ಕತ್ತಲಲ್ಲಿ ದಾರಿಹೋಕನ ಕೂಗು ಯಾರಿಗೂ ಕೇಳಿಸುವುದಿಲ್ಲ ಅಲ್ವಾ? ಐವರು ಸೇರಿದರೆ ಜೀವಾವಧಿಯೂ ಆಗಬಹುದು. ದರೋಡೆ ಮಾಡುವಾಗ ಅವರಲ್ಲೊಬ್ಬ ಕೊಲೆ ಮಾಡಿದರೆ ಉಳಿದ ನಾಲ್ವರಿಗೂ ಮರಣದಂಡನೆವರೆಗೆ ಶಿಕ್ಷೆ ಆಗಬಹುದು.

ಹೋದ ಹಣ ಎಷ್ಟು ಎಂಬ ಮಾತೇ ಈ ಮೆಟ್ಟಿಲುಗಳಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿ. ಇಲ್ಲಿ ತೂಗುವುದು ಹಣವನ್ನಲ್ಲ, ಭಯವನ್ನು.

ಈ ವರ್ಷಗಳ ಸಂಖ್ಯೆ ತೀರ್ಪಿನ ದಿನಕ್ಕೆ ಮಾತ್ರ ಬೇಕಾದದ್ದೂ ಅಲ್ಲ. ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕೊನೆಯಲ್ಲಿ ಒಂದು ಉದ್ದನೆಯ ಪಟ್ಟಿ ಇದೆ. ಒಂದೊಂದು ಅಪರಾಧದ ಎದುರಿಗೂ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದೇ, ಜಾಮೀನು ಹಕ್ಕೇ, ಯಾವ ಕೋರ್ಟು ಎಂದು ಬರೆದಿದೆ. ಬೇರೆ ಕಾನೂನುಗಳು ಈ ವಿಷಯದಲ್ಲಿ ಸುಮ್ಮನಿದ್ದರೆ ಲೆಕ್ಕ ಸರಳ: 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯದಾದರೆ ಜಾಮೀನು ಹಕ್ಕು, 3 ಅಥವಾ ಜಾಸ್ತಿ ಆದರೆ ಅಲ್ಲ. 7 ವರ್ಷ ದಾಟಿದರೆ ಕೇಸು ಸೆಷನ್ಸ್ ಕೋರ್ಟಿಗೆ. ಅಂದಹಾಗೆ, 'ಜಾಮೀನು ರಹಿತ' ಅಂದರೆ ಜಾಮೀನೇ ಸಿಗುವುದಿಲ್ಲ ಅಂತಲ್ಲ. ಕೇಳುವ ಹಕ್ಕಿದೆ, ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು.

ಹಣದ ಲೆಕ್ಕ ಬರುವುದು ಕೆಳಗಿನ ಮೆಟ್ಟಿಲಲ್ಲಿ, ಅದೂ ಹೊಸದಾಗಿ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ. ಕುಡಿದು ಸಾರ್ವಜನಿಕ ಜಾಗದಲ್ಲಿ ರಂಪ ಮಾಡಿದವನಿಗೂ ಈ ಶಿಕ್ಷೆ ಕೊಡಬಹುದು. ಅವನಿಗೆ ಹಳೇ ಕಾನೂನಿನಲ್ಲಿದ್ದ ದಂಡ ಹೆಚ್ಚೆಂದರೆ 10 ರೂಪಾಯಿ! ಈಗ ಅದು 1,000.

ಸಣ್ಣ ಕಳ್ಳನನ್ನು ಜೈಲಿಗೆ ತಳ್ಳಿ ದೊಡ್ಡ ಕಳ್ಳರ ಜೊತೆ ಕೂರಿಸದಿರುವುದು ಒಳ್ಳೆಯದೇ. ಆದರೆ ನನಗೊಂದು ತಕರಾರಿದೆ. ಪಟ್ಟಿಯಲ್ಲಿ ಈ ಸಣ್ಣ ಕಳವು ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಸಾಲಿಗೆ ಸೇರಿದೆ. ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಕೂಲಿ ಮಾಡುವವರ ಕೈಯಲ್ಲಿರುವ ಹಳೇ ಮೊಬೈಲಿಗೆ ಇವತ್ತು 5,000 ಎಲ್ಲಿ ಬರುತ್ತದೆ? ಅದು ಕಳೆದರೆ ನಾಳೆ ಕೆಲಸಕ್ಕೆ ಕರೆಯುವ ಮೇಸ್ತ್ರಿಯ ನಂಬರೂ ಕಳೆದಂತೆ.